ತಾಗೆಪುಟ್ಟಿಯ ಕೊನೇ ಪುಸ್ತಕ

...ಅಲ್ಲ ಅಲ್ಲ, ಎಡಗಡೆದು. ಎಡಗಡೆ ಕಡ್ಡಿ. ಸ್ಕ್ರೂ ಸಡಿಲ ಆಗಿದೆ ನೋಡು, ತಲೆ ಬಗ್ಗಿಸಿದ್ರೆ ಸಾಕು, ಕನ್ನಡಕ ಜಾರಿ ತಟ್ಟೆಗೆ ಬೀಳತ್ತೆ. ತೊಗೊ. ನಿಧಾನಕ್ಕೆ ಮಾಡು, ನನಗೇನೂ ಅವಸರ ಇಲ್ಲ. ನಿಮ್ಮ ಅಂಗಡಿ ಯಜಮಾನರು ಊಟಕ್ಕೆ ಹೋದ್ರು. ‘ಒಳಗೆ ಹೋಗಿ ಕೂತ್ಕೊಳ್ಳಿ ಸಾರ್, ಅಪ್ಪ ಮಗಳು ಮಾತಾಡ್ತಿರಿ’ ಅಂದ್ರು. ಅಪ್ಪ ಮಗಳು ಮಾತಾಡ್ತಿರಿ! ಪಾಪ, ಒಳ್ಳೇ ಮನುಷ್ಯ.

ಈ ಸ್ಟೂಲ್ ಮೇಲೆ ಕೂರಲಾ? ಏನೋ ಇದೆಯಲ್ಲ ಇದರ ಮೇಲೆ... ಹಾಂ, ಡಬ್ಬಿ. ಕೆಳಗಿಟ್ಟೆ. ಕನ್ನಡಕ ತೆಗೆದ್ರೆ ನಾನು ಕುರುಡ ಕಣಮ್ಮ. ದೀಪದ ಹತ್ತಿರ ಯಾರೋ ಕೂತಿದಾರೆ ಅಂತ ಗೊತ್ತಾಗತ್ತೆ, ಅಷ್ಟೇ. ಮುಖ ಕಾಣಲ್ಲ... ಏನದು? ನಕ್ಕೆಯಾ? ಯಾಕೆ ನಗ್ತೀಯ? ...ಓ. ಸ್ಕ್ರೂ ತುದಿನ ಅರದಲ್ಲಿ ಉಜ್ಜೋ ಸದ್ದಾ. ನಾನು ನೀನೇ ನಕ್ಕೆ ಅಂದ್ಕೊಂಡೆ.

ಸರಿ, ನಿಜ ಹೇಳಿಬಿಡ್ತೀನಿ. ಆ ಸ್ಕ್ರೂ ತಾನಾಗಿ ಸಡಿಲ ಆಗಿಲ್ಲ. ಬೆಳಿಗ್ಗೆ ನಾನೇ ಚಾಕು ತುದಿಯಿಂದ ತಿರುಗಿಸ್ಕೊಂಡು ಬಂದೆ. ಇಲ್ಲಿಗೆ ಬರೋಕೆ ಒಂದು ನೆಪ ಬೇಕಲ್ಲ! ಅಪ್ಪ ಮಗಳ ಹತ್ತಿರ ಹೋಗೋಕೆ ಸ್ಕ್ರೂ ಬೇಕು. ಎಂಥಾ ಕಾಲ ಬಂತು ನೋಡು.

ನಿನ್ನೆ ಪ್ರಕಾಶಕರ ಆಫೀಸಿಗೆ ಹೋಗಿದ್ದೆ. ಬಾಗಿಲಲ್ಲಿ ಕೂತೋಳು ‘ಯಾರು ಬೇಕಿತ್ತು?’ ಅಂದ್ಲು. ಅವಳ ತಲೆ ಮೇಲೇ, ಗೋಡೆ ಮೇಲೆ, ನನ್ನ ಪುಸ್ತಕದ ಚಿತ್ರ! ಕೆಂಪು ಲಂಗದ ಹುಡುಗಿ, ಕೈಯಲ್ಲಿ ಕಾಗೆ. ಅದನ್ನ ತೋರಿಸಿ ‘ಅವಳ ಅಪ್ಪ’ ಅಂದೆ. ಆ ಹುಡುಗಿಗೆ ಅರ್ಥ ಆಗಲಿಲ್ಲ. ಬಿಡು. ಒಳಗೆ ಹೊಸ ಸಂಪಾದಕಿ, ಮೊಮ್ಮಗಳ ವಯಸ್ಸು. ‘ಸರ್, ನಿಮ್ಮ ತಾಗೆಪುಟ್ಟಿ ಓದ್ಕೊಂಡೇ ಬೆಳೆದೋಳು ನಾನು’ ಅಂದ್ಲು. ಯಾರಾದ್ರೂ ಹಾಗೆ ಶುರು ಮಾಡಿದ್ರೆ ಮುಗೀತು ಅಂತಲೇ ಲೆಕ್ಕ. ಮುಂದಿನ ಮಾತು ಕೆಟ್ಟ ಸುದ್ದಿನೇ.

ಮುಗೀತಂತೆ. ಒಂಬತ್ತು ಪುಸ್ತಕವನ್ನೂ ಇನ್ನು ಅಚ್ಚು ಹಾಕಲ್ಲವಂತೆ. ಶಾಲೆಗಳು ವಾಪಸ್ ಕಳಿಸ್ತಿವೆಯಂತೆ. ಯಾಕೆ ಅಂದೆ. ಒಂದು ಕಾಗದ ಮುಂದಿಟ್ಲು. ಎರಡನೇ ಕ್ಲಾಸಿನ ಹುಡುಗಿ ಬರೆದಿದ್ದು, ಪೆನ್ಸಿಲಲ್ಲಿ. ‘ನಾನೂ ತಾಗೆಪುಟ್ಟಿ ಥರಾನೇ ಮಾತಾಡ್ತೀನಿ. ಕ್ಲಾಸಲ್ಲಿ ಎಲ್ಲರೂ ನನ್ನ ಅದೇ ಹೆಸರಲ್ಲಿ ಕೂಗ್ತಾರೆ. ಒಂಬತ್ತೂ ಪುಸ್ತಕ ಓದಿದೆ. ಅವಳಿಗೆ ಯಾವಾಗ ಕ ಬರತ್ತೆ?’ ...ಅಷ್ಟೇ. ಅಷ್ಟೇ ಇದ್ದಿದ್ದು.

ನಾನು ಮೂಗು ಮುರಿದೆ. ಮಕ್ಕಳು ನಗೋದು ತಪ್ಪಾ ಅಂದೆ. ಅದಕ್ಕವಳು, ‘ಸರ್, ಒಂದೇ ದಾರಿ ಇದೆ. ಹತ್ತನೇ ಪುಸ್ತಕ ಬರೀರಿ. ಕೊನೇದು. ಅದರಲ್ಲಿ ಪುಟ್ಟಿ ಕ ಕಲೀಲಿ. ಈ ತಿಂಗಳ ಕೊನೆಗೆ ಕೊಟ್ರೆ ಹತ್ತನ್ನೂ ಒಟ್ಟಿಗೆ ತರ್ತೀವಿ. ಇಲ್ಲಾಂದ್ರೆ ಇಲ್ಲ’ ಅಂದ್ಲು. ‘ನಿಮ್ಮ ಮಗಳ ಕತೆ ತಾನೇ ಸರ್, ಅವರು ಹೇಗೆ ಕಲಿತರೋ ಹಾಗೇ ಬರೀರಿ’ ಅಂತ ಬೇರೆ. ರಾತ್ರಿಯೆಲ್ಲಾ ಕೂತೆ ಕಣಮ್ಮ. ಒಂದು ಸಾಲು ಬರಲಿಲ್ಲ. ನನಗೆ ನೆನಪೇ ಇಲ್ಲ ನೋಡು, ನೀನು ಹೇಗೆ ಕಲಿತೆ ಅಂತ. ಅದಕ್ಕೇ ಬಂದೆ. ನೀನು ಹೇಳಿದ್ರೆ ಬರೀತೀನಿ.

...ಯೋಚನೆ ಮಾಡ್ತಿದೀಯಾ? ಮಾಡು, ಮಾಡು.

ಸುಮ್ನೆ ಹೇಳ್ತಿಲ್ಲ, ನನ್ನ ಬದುಕು ಕಟ್ಟಿದ್ದೇ ನಿನ್ನ ನಾಲಿಗೆ. ಅದಕ್ಕೆ ಮುಂಚೆ ನಾನೇನು ಬರೀತಿದ್ದೆ? ಸುಳ್ಳು ಹೇಳಬಾರದು, ಬೇಗ ಏಳಬೇಕು... ಓದಿದ ಮಕ್ಕಳು ಆಕಳಿಸ್ತಿದ್ರು. ನಿನಗಾಗ ನಾಲ್ಕು ವರ್ಷ. ಗ ಬರ್ತಿತ್ತು, ಚ ಬರ್ತಿತ್ತು, ಎಲ್ಲಾ ಬರ್ತಿತ್ತು. ಕ ಒಂದು ಬಿಟ್ಟು. ತೊಡೆ ಮೇಲೆ ಹತ್ತಿ ‘ಅಪ್ಪಾ, ತಾಗೆ ತತೆ ಹೇಳು’ ಅಂತಿದ್ದೆ. ಆಮೇಲೆ ಆ ಹಾಲಿನ ಲೋಟ! ಮನೇಲಿ ನೆಂಟರು ತುಂಬಿದ್ರು. ನೀನು ಲೋಟ ಎತ್ತಿ ಹಿಡಿದು, ‘ಅಪ್ಪಾ, ಹಾಲಿಗೆ ಸತ್ತರೆ ಹಾತು!’ ಅಂದೆ. ಸಕ್ಕರೆ ಹಾಕು ಅನ್ನೋಕೆ! ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು ಎಲ್ಲಾ. ನಾನು ಎದ್ದು ಹೋಗಿ ಬರೆದಿಟ್ಕೊಂಡೆ. ಮೊದಲನೇ ಪುಸ್ತಕದ ಮೊದಲನೇ ಸಾಲು ಅದೇ. ಆ ವರ್ಷ ಬಸ್ಸಲ್ಲಿ, ಅಂಗಡೀಲಿ, ಎಲ್ಲಿ ನೋಡಿದ್ರೂ ಮಕ್ಕಳ ಬಾಯಲ್ಲಿ ‘ಸತ್ತರೆ ಹಾತು’. ನನ್ನನ್ನ ತಲೆ ಮೇಲೆ ಹೊತ್ತು ಕುಣಿದ್ರು. ನಿನ್ನನ್ನೂ!

ನಿನ್ನನ್ನೂ ಅಲ್ವಾ? ಶಾಲೇಲಿ ಎಲ್ಲರೂ ನಿನ್ನ ಸುತ್ತ ಮುತ್ತಿಕೊಂಡು ‘ಹೇಳು, ಇನ್ನೊಂದ್ಸಲ ಹೇಳು’ ಅಂತಿದ್ರಂತೆ. ಪ್ರೀತಿ ಅದು... ಏನು? ಏನೂ ಅಂದಿಲ್ವಾ? ಉಸಿರು ಬಿಟ್ಟ ಹಾಗಾಯ್ತು.

ಇವತ್ತು ನಿಮ್ಮ ಯಜಮಾನರು ಏನಂದ್ರು ಗೊತ್ತಾ? ‘ಎಂಟು ವರ್ಷದಿಂದ ಇಲ್ಲಿದಾಳೆ ಸಾರ್, ಇಂಥಾ ಕೈಕೆಲಸ ಇನ್ನೊಬ್ಬರಿಗೆ ಬರಲ್ಲ. ಆದ್ರೆ ಒಂದು ದಿನಾನೂ ಕನ್ನಡಕ ಅಂದಿಲ್ಲ. ಇದು, ಅದು, ನಿಮ್ದು ರೆಡಿ... ಹೀಗೇ. ಆ ಅಕ್ಷರ ಬರಲ್ಲ ಅಲ್ವಾ ಸಾರ್ ಪಾಪ’ ಅಂದ್ರು. ನಾನು ಥಟ್ ಅಂತ ‘ಬರತ್ತೆ!’ ಅಂದೆ. ‘ಹೌದಾ? ನೀವು ಕೇಳಿದೀರಾ?’ ಅಂದ್ರು.

ಅಪ್ಪ ಅಲ್ವೇನ್ರೀ, ಗೊತ್ತಿರತ್ತೆ ಅಂದೆ. ಇನ್ನೇನು ಹೇಳ್ಲಿ?

ಹೋಗ್ಲಿ ಬಿಡು. ನಾನೇ ಎರಡು ಮೂರು ಥರ ಯೋಚನೆ ಮಾಡಿದೀನಿ, ಕೇಳು, ಯಾವುದು ಸರಿ ಅಂತ ತಲೆ ಆಡಿಸು... ಅಯ್ಯೋ, ಆಡಿಸಿದ್ರೂ ನನಗೆ ಕಾಣಲ್ಲ. ಮೇಜು ಕುಟ್ಟು. ಸರಿ ಅನ್ನಿಸಿದ್ರೆ ಒಂದು ಸಲ ಕುಟ್ಟು. ಮೊದಲನೇದು: ಕಾಗೇನೇ ಕಲಿಸತ್ತೆ. ಕಿಟಕಿ ಮೇಲೆ ಕೂತು ಕಾ ಕಾ ಅನ್ನತ್ತೆ, ಪುಟ್ಟಿ ತಾ ತಾ ಅಂತಾಳೆ, ಕಾಗೆಗೆ ಸಿಟ್ಟು ಬರತ್ತೆ... ಇಲ್ಲ, ಚೆನ್ನಾಗಿಲ್ಲ. ನನಗೂ ಅನ್ನಿಸ್ತು. ಎರಡನೇದು: ಶಾಲೇಗೆ ಹೊಸ ಟೀಚರ್ ಬರ್ತಾರೆ. ಊಹೂಂ. ಟೀಚರ್ ಬಂದ್ರೆ ಮಕ್ಕಳು ಪುಸ್ತಕ ಮುಚ್ಚಿಬಿಡ್ತಾರೆ. ಮೂರನೇದು: ಅಮ್ಮ ಕಲಿಸ್ತಾಳೆ. ಅಡುಗೆಮನೇಲಿ, ಅಪ್ಪನಿಗೆ ಗೊತ್ತಾಗದ ಹಾಗೆ, ಒಂದು ತಿಂಗಳು. ಚಮಚದ ಹಿಡಿಯಿಂದ ಪುಟ್ಟಿ ನಾಲಿಗೆ ತುದಿ ಅದುಮಿ ಹಿಡಿದು, ‘ಈಗ ಹೇಳು’ ಅಂತ...

ಯಾಕೆ ನಿಲ್ಲಿಸಿದೆ? ಉಜ್ಜೋದು ಯಾಕೆ ನಿಲ್ಲಿಸಿದೆ?

ಚಮಚ ಅಂದೆನಾ? ಏನೋ ಬಾಯಿಗೆ ಬಂತು. ಕತೆ ಕಣಮ್ಮ, ಕತೆ, ಕಟ್ಟಿದ್ದು. ನಾಲಿಗೆ ತುದಿ ಮೇಲೇಳದ ಹಾಗೆ ಹಿಡಿದ್ರೆ ಕ ಬರತ್ತೆ ಅಂತ ಎಲ್ಲೋ ಓದಿದ್ದೆ. ಎಲ್ಲಿ ಅಂತ ನೆನಪಿಲ್ಲ... ಏನಾದ್ರೂ ಮಾಡು. ಉಜ್ಜು. ಅದಾದ್ರೂ ಸದ್ದಾಗ್ಲಿ. ಹೀಗೆ ಸುಮ್ನಿರಬೇಡ, ನನಗೆ ನಿನ್ನ ಮುಖ ಕಾಣಲ್ಲ ಅಂದೆನಲ್ಲ!

...ಭಾನುವಾರ. ಆಯ್ತಾ? ಭಾನುವಾರ ಬೆಳಿಗ್ಗೆ. ನಿನಗೆ ಆರೂವರೆ ವರ್ಷ. ನೆನಪಿದೆ. ಎಲ್ಲಾ ನೆನಪಿದೆ. ನಾನು ಬರೆಯೋ ಮೇಜಿನ ಮುಂದೆ ಕೂತಿದ್ದೆ, ಮೂರನೇ ಪುಸ್ತಕ ಅರ್ಧ ಆಗಿತ್ತು. ನೀನು ಬಂದೆ. ಆಗಷ್ಟೇ ಸ್ನಾನ ಆಗಿತ್ತು, ಕೂದಲಿಂದ ನೀರು ತೊಟ್ಟಿಕ್ತಿತ್ತು. ಬಾಗಿಲ ಹಿಂದೆ ನಿಮ್ಮಮ್ಮ ನಿಂತಿದ್ಲು, ಚಮಚ ಬೆನ್ನ ಹಿಂದೆ ಬಚ್ಚಿಟ್ಕೊಂಡು. ನೀನು ಕೈಕಟ್ಟಿ ನಿಂತು, ಪಾಠ ಒಪ್ಪಿಸೋ ಹಾಗೆ, ‘ಅಪ್ಪಾ. ಕಾಗೆ. ಕತೆ. ಸಕ್ಕರೆ’ ಅಂದೆ. ಆಮೇಲೆ ಹತ್ತಿರ ಬಂದು, ಬೆರಳಿಂದ ನನ್ನ ಮೂಗಿನ ಮೇಲೆ ಮುಟ್ಟಿ, ‘ಕನ್ನಡಕ’ ಅಂದೆ. ಎರಡು ಕ! ಎರಡೂ ಸರಿಯಾಗಿ ಬಂತು. ನಿನ್ನ ಮುಖ ಹೇಗಿತ್ತು ಅಂದ್ರೆ...

ನಾನೇನಂದೆ ಅಂತ ನಿನಗೆ ಗೊತ್ತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ‘ಹಾಗಲ್ಲ ಮರಿ’ ಅಂದೆ. ‘ನಮ್ಮ ಥರ ಹೇಳು.’

ನೀನು ಬಾಗಿಲ ಕಡೆ ನೋಡಿದೆ. ನಿಮ್ಮಮ್ಮ ತಲೆ ತಗ್ಗಿಸಿದ್ಲು. ಆಮೇಲೆ ಮೆಲ್ಲಗೆ ‘ತಾಗೆ’ ಅಂದೆ. ನಾನು ನಿನ್ನನ್ನ ಎತ್ಕೊಂಡು ಮುದ್ದಾಡಿದೆ, ಜಾಣೆ ಅಂದೆ. ಪುಸ್ತಕ ಅರ್ಧ ಆಗಿತ್ತು ಕಣಮ್ಮ! ಪುಟ್ಟಿಗೆ ಕ ಬಂದ್ರೆ ಪುಟ್ಟಿ ಎಲ್ಲಿ? ನಾನು ಎಲ್ಲಿ? ಒಂದು ವರ್ಷ ತಡ ಆದ್ರೆ ಏನು ಮಹಾ ಅಂತ ಇದ್ದೆ, ಆಮೇಲೆ ತಾನಾಗಿ ಸರಿಹೋಗತ್ತೆ ಅಂತ. ನಿಮ್ಮಮ್ಮ ಆ ಚಮಚ ತೊಳೆದು ಮೇಲಿನ ಗೂಡಿಗೆ ಎತ್ತಿಟ್ಲು. ಸಾಯೋ ತನಕ ಅದನ್ನ ಕೆಳಗಿಳಿಸಲಿಲ್ಲ.

ಆವತ್ತಿಂದ ನೀನು ಕಾಗೆನೂ ಅನ್ನಲಿಲ್ಲ, ತಾಗೆನೂ ಅನ್ನಲಿಲ್ಲ. ನನ್ನ ಹತ್ತಿರ ಹೂಂ, ಊಹೂಂ, ಎರಡೇ. ಅಮ್ಮ ಹೋದ ಮೇಲೆ ಅದೂ ನಿಂತೋಯ್ತು. ಹುಡುಗಿ ನಾಚಿಕೆ ಸ್ವಭಾವ ಅಂತ ನಾನು ಕೇಳಿದೋರಿಗೆಲ್ಲಾ ಹೇಳ್ಕೊಂಡು ಬಂದೆ. ಆಮೇಲಿನ ಪುಸ್ತಕಗಳಲ್ಲಿ ಇರೋ ಮಾತು ಯಾವುದೂ ನಿಂದಲ್ಲ. ನಾನೇ ಮೇಜಿನ ಮುಂದೆ ಕೂತು, ಕ ಇರೋ ಕಡೆಯೆಲ್ಲಾ ತ ಹಾಕಿದೆ. ಮೂರನೇದರ ಉಳಿದರ್ಧ ಸೇರಿ ಏಳು ಪುಸ್ತಕ. ಜನ ಅದಕ್ಕೂ ನಕ್ಕರು. ನಾನು ಸತ್ತರೆ... ನೋಡು, ಈಗಲೂ ಆ ಪದ ಬಾಯಿಗೆ ಬಂದ್ರೆ ನನಗೆ ನಗು ಬರತ್ತೆ. ಎಂಥಾ ಮನುಷ್ಯ ನಾನು.

ಆ ಕಾಗದದ ಹುಡುಗಿಗೆ ಏನಂತ ಬರೀಲಿ, ಹೇಳು?

...ಆಯ್ತಾ? ಬಿಗಿ ಆಯ್ತಾ? ಮೇಜಿನ ಮೇಲಿಟ್ಟ ಸದ್ದು ಕೇಳಿಸ್ತು. ನೀಟಾಗಿ ಒರೆಸಿಯೂ ಇಟ್ಟಿರ್ತೀಯ, ಗೊತ್ತು ನನಗೆ. ಒಂದೇ ಒಂದು ಮಾತು ಕಣಮ್ಮ, ಆಮೇಲೆ ಎದ್ದು ಹೋಗ್ತೀನಿ. ಇದಕ್ಕೇನಂತಾರೆ? ಇದೇ, ಮೂಗಿನ ಮೇಲೆ ಹಾಕ್ಕೊಳ್ಳೋದು. ಒಂದೇ ಸಲ ಹೇಳು. ಅಷ್ಟು ಸಿಕ್ಕಿದ್ರೆ ಸಾಕು, ಪುಸ್ತಕ ತಾನಾಗಿ ಬರತ್ತೆ. ಸರಿಯಾಗೇ ಹೇಳಬೇಕು ಅಂತಿಲ್ಲ, ತಪ್ಪಾಗಿ ಹೇಳಿದ್ರೂ ನಡೆಯತ್ತೆ, ತನ್ನಡತ ಅಂತಾದ್ರೂ...

ಅಯ್ಯೋ.

ನನ್ನ ಕೈಯಲ್ಲಿ ಪೆನ್ನಿದೆ ಅಲ್ವಾ? ಯಾವಾಗ ತೆಗೆದೆ... ಮುಚ್ಚಳ ಬೇರೆ ತೆಗೆದಿದೆ. ತೊಡೆ ಮೇಲೆ ಬರೆಯೋ ಪುಸ್ತಕ ಬಿಚ್ಕೊಂಡಿದೆ. ನೀನು ಆಗಿಂದ ಇದನ್ನೇ ನೋಡ್ತಾ ಕೂತಿದ್ದೆಯಾ? ನಾನು ಬಂದಾಗಿಂದ?

...ಹೇಳಬೇಡ. ಏನೂ ಹೇಳಬೇಡ. ಬೇಡ, ಬೇಡ, ನೀನು ನನ್ನ ಕಿವಿಗೆ ಸಿಗಿಸಬೇಡ, ಕೈಗೆ ಕೊಡು ಸಾಕು. ಜೇಬಲ್ಲಿಟ್ಕೋತೀನಿ. ಈಗ ಹಾಕ್ಕೊಂಡ್ರೆ ನಿನ್ನ ಮುಖ ಕಾಣತ್ತೆ.

ಬಾಗಿಲು ಬಲಗಡೆ ತಾನೇ? ...ಇರಲಿ. ಗೋಡೆ ಹಿಡ್ಕೊಂಡು ಹೋಗ್ತೀನಿ.