ಸೆರಗು ಜೋಡಿಸಿದ ಮೇಲೆ

ಹತ್ತಿ ವ್ಯಾಪಾರದ ಒಂದು ಊರು. ಆ ಊರಿಗೆಲ್ಲ ದೊಡ್ಡವನೆನಿಸಿದ ಒಬ್ಬ ಶ್ರೀಮಂತ. ದಿನದ ಪೂಜೆ ತಪ್ಪಿಸಿದವನಲ್ಲ, ಮಠಕ್ಕೆ ಕೈ ಬಿಚ್ಚಿ ಕೊಡುವವನು. ನೋಡಿ, ಇದನ್ನು ನೆನಪಿಡಿ. ಅವನು ಕೆಟ್ಟವನಲ್ಲ.

ಮಗಳಿಗೆ ಮದುವೆ ಗೊತ್ತಾಯಿತು. ಬೀಗಿತಿಗೂ ಆಕೆಯ ಮೂವರು ತಂಗಿಯರಿಗೂ ಉಡಿಸಲು ನಾಲ್ಕು ಸೀರೆ ಬೇಕೆಂದು ನೇಕಾರನೊಬ್ಬನನ್ನು ಕರೆಸಿದ. ಬಣ್ಣ ಹೇಳಿದ, ದಡಿ ಹೇಳಿದ, ಛಾಪಾ ಕಾಗದ ತರಿಸಿ ಕರಾರು ಬರೆಸಿದ. ಸೆರಗು ಜೋಡಿಸಿದ ದಿನ ಅರ್ಧ ಹಣ, ಸೀರೆ ಮುಟ್ಟಿದ ದಿನ ಇನ್ನರ್ಧ. ಇಬ್ಬರೂ ಸಹಿ ಹಾಕಿದರು.

ಸೆರಗು ಜೋಡಿಸುವುದೆಂದರೇನು? ಆ ಸೀಮೆಯ ಸೀರೆಗೆ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸಬೇಕು. ಸಾವಿರಾರು ಎಳೆ, ಒಂದೊಂದಾಗಿ, ಬೆರಳಿನಿಂದ. ನೇಕಾರ, ಅವನ ಹೆಂಡತಿ, ಇಬ್ಬರು ತಮ್ಮಂದಿರು ಕೂತು ಮನೆಯ ನಾಲ್ಕೂ ಮಗ್ಗಕ್ಕೆ ಸೆರಗು ಜೋಡಿಸಿದರು. ರೇಷ್ಮೆಯನ್ನು ಉದ್ರಿ ತಂದಿದ್ದರು. ಹಣ ಮುಟ್ಟದಿದ್ದರೆ ಅಂಗಡಿಯವನು ಮಗ್ಗಗಳನ್ನೇ ಬಿಚ್ಚಿಕೊಂಡು ಹೋಗುತ್ತಾನೆ.

ಅದೇ ವಾರ ಗಂಡಿನವರು ಸಂಬಂಧ ಬೇಡವೆಂದರು. ಕಾರಣ ಹೇಳಲಿಲ್ಲ. ಶ್ರೀಮಂತ ಕಂಡಕಂಡವರ ಮುಂದೆ ಹೇಳಿಕೊಂಡ: ವೀಳ್ಯ ಹಿಡಿದು ಮಾತು ಕೊಟ್ಟವರು ಹೀಗೆ ಮಾಡಬಹುದೇ, ಇವರಿಗೆ ಮರ್ಯಾದೆ ಇದೆಯೇ? ಊರೆಲ್ಲ ಹೌದು ಹೌದು ಎಂದಿತು.

ಆಗ ನೇಕಾರ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಜೋಡಿಸಿದ್ದಾಗಿದೆ ಎಂದ.

"ಮದುವೀನ ಇಲ್ಲಂದ ಮ್ಯಾಲೆ ಆ ಹೆಂಗಸರ ಸೀರಿಗೆ ನಾ ಯಾಕ ರೊಕ್ಕ ಕೊಡ್ಲೋ? ಬಿಚ್ಚಿ ಮತ್ತೊಬ್ಬರಿಗೆ ನೇಯಿ."

"ಬಿಚ್ಚಾಕ ಬರೂದಿಲ್ರಿ ಸಾವ್ಕಾರ್ರ. ಕತ್ತರಿಸಬೇಕ್ರಿ. ಕತ್ತರಿಸಿದ್ರ ಅದು ನೂಲೂ ಅಲ್ಲ, ಸೀರಿನೂ ಅಲ್ಲ."

ಶ್ರೀಮಂತ ಮುಖ ತಿರುಗಿಸಿದ. ಕರಾರಿನಲ್ಲಿ ಮದುವೆಯ ಮಾತಿತ್ತೇ? ಇರಲಿಲ್ಲ. ಸೆರಗು ಎಂದಿತ್ತು, ದಿನ ಎಂದಿತ್ತು, ಹಣ ಎಂದಿತ್ತು.

ನೇಕಾರ ಮತ್ತೆ ಚಪ್ಪಲಿ ಮೆಟ್ಟುತ್ತಿದ್ದ. ಸಂಬಂಧ ಮುರಿದಂದಿನಿಂದ ಯಾರೊಡನೆಯೂ ಮಾತಾಡದಿದ್ದ ಮಗಳು ಕದದ ಹಿಂದಿನಿಂದ ಬಂದಳು. ದನಿ ಎತ್ತರಿಸಲಿಲ್ಲ.

"ಅಪ್ಪಾ, ಅವರು ಕಾರಣ ಹೇಳಲಿಲ್ಲ. ನೀ ಹೇಳಾಕತ್ತೀದಿ. ಇಬ್ಬರಿಗೂ ಅಷ್ಟ ಫರಕು."

ಶ್ರೀಮಂತ ನೇಕಾರನನ್ನು ಕರೆದು ಕೂರಿಸಿ, ಒಳಗೆ ಹೋಗಿ ಅರ್ಧ ಹಣ ತಂದುಕೊಟ್ಟ. ಕರುಣೆಯೆಂದು ಒಂದು ರೂಪಾಯಿ ಹೆಚ್ಚು ಕೊಡಲಿಲ್ಲ. ಇದು ದಾನವಲ್ಲ ಎಂದು ಅವನಿಗೆ ತಿಳಿದಿತ್ತು. ತಿಂಗಳಾದ ಮೇಲೆ ಸೀರೆ ಬಂದವು, ಇನ್ನರ್ಧವೂ ಸಂದಿತು. ಯಾರು ಉಟ್ಟರು ಎಂದು ಕೇಳಬೇಡಿ. ತಾಯಂದಿರೇ, ನೀವು ಅದನ್ನೇ ಕೇಳುತ್ತೀರೆಂದು ನನಗೆ ಗೊತ್ತು.

ಈಗ ನಿಮ್ಮ ಮನೆಗೆ ಬರೋಣ. ಕಾರ್ಯ ಮುಂದೆ ಹೋಯಿತೆಂದು ಅಡುಗೆಯವರನ್ನು ಬರಿಗೈಲಿ ಕಳಿಸಲಿಲ್ಲವೇ? ನೀವೇ ಆರಿಸಿದ ಬಣ್ಣ ಗೋಡೆಗೆ ಬಂದ ಮೇಲೆ ಚೆಂದ ಕಾಣಲಿಲ್ಲವೆಂದು ಪೇಂಟರನ ಹಣ ಹಿಡಿಯಲಿಲ್ಲವೇ? ಎಲ್ಲಕ್ಕೂ ನಮ್ಮಲ್ಲಿ ಕಾರಣವಿದೆ. ಎಂಥ ಒಳ್ಳೊಳ್ಳೆಯ ಕಾರಣ!

ಸಹಿ ಹಾಕುವ ಮೊದಲು ಹತ್ತು ಸಲ ಯೋಚಿಸಿ. ಚೌಕಾಶಿ ಮಾಡಿ, ಬೇಡವೆನ್ನಿ, ಎದ್ದು ಬನ್ನಿ. ಸಹಿ ಹಾಕಿದಿರೋ, ಅಲ್ಲಿಗೆ ಸೆರಗು ಜೋಡಿಸಿದ್ದಾಯಿತು. ನಿಮ್ಮ ಎಳೆಯೊಳಗೆ ಇನ್ನೊಂದು ಮನೆಯ ಎಳೆ ಸಿಕ್ಕಿಕೊಂಡಿದೆ. ನಿಮ್ಮ ಮನಸ್ಸು ಬದಲಾದರೆ ಹರಿಯುವುದು ಅವರದು.

ನಾಳೆ ಬೆಳಿಗ್ಗೆ ದೇವರಿಗೆ ಹೂ ಏರಿಸುವ ಮೊದಲು ಕಪಾಟು ತೆಗೆದು ನೋಡಿ. ನಿಮ್ಮ ಸಹಿಯಿರುವ ಕಾಗದ ಇದ್ದೇ ಇದೆ. ದಿನ ದಾಟಿದ್ದರೆ ಹಣ ಹಿಡಿದು ಹೊರಡಿ. ಅವರು ಬಂದು ನಿಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲು, ಅವರ ಬಾಗಿಲಲ್ಲಿ ನೀವು ಬಿಡಿ.