ಜೇನು ಸುರಿದ ಬದನೆಕಾಯಿ

ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ತರಕಾರಿ ಅಂಗಡಿಯಲ್ಲಿ, ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ನಾನು ಕನ್ನಡದವನೆಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

"ಇಷ್ಟೊಂದು ಬದನೆಕಾಯಿ ಯಾಕೆ, ಚಂದನಾ?"

"ಸ್ಪೇನ್ ಹಳ್ಳಿ ಹೋಟೆಲಲ್ಲಿ ಆ ಅಜ್ಜಿ ಕರಿದು, ಮೇಲೆ ಜೇನು ಸುರಿದು ಕೊಡ್ತಿದ್ರಲ್ಲ, ಹಾಗೆ ಮಾಡೋಣಾಂತ."

"ಆ ಹೋಟೆಲ್ ಹೆಸರೆತ್ತಬೇಡ. ನಾಲ್ಕು ದಿನ ಜೈಲು!"

"ಯಾರಿಂದ? ಗೇರ್ ಗಾಡಿ ಬುಕ್ ಮಾಡಿದ್ದು ನೀವು."

"ಅಲ್ಲಿ ಎಲ್ಲಾ ಗೇರ್ ಗಾಡೀನೇ ಅಂತ ನಂಗೇನು ಗೊತ್ತು? ಟೆಕ್ಸಾಸಿಗೆ ಬಂದ್ಮೇಲೆ ಕ್ಲಚ್ ತುಳಿದೇ ಇಲ್ಲ. ಗಾಡಿ ಬೇಡಾಂತ ಟ್ಯಾಕ್ಸಿ ಹಿಡಿದ್ರೆ, ಅವನು ಬೆಟ್ಟದ ಮೇಲೆ ಬಿಟ್ಟು ಹೋದ. ಸುತ್ತ ಆಲಿವ್ ತೋಟ ಬಿಟ್ರೆ ಒಂದು ನರಪಿಳ್ಳೆ ಇಲ್ಲ. ಹುಚ್ಚು ಹಿಡಿಯೋದೊಂದು ಬಾಕಿ."

"ನಂಗೇನೂ ಅನ್ನಿಸ್ಲಿಲ್ಲ."

"ಅದು ಹೇಗೆ? ಇಡೀ ದಿನ ಗಾಡಿ ಇಲ್ದೆ ಒಂದೇ ಕಡೆ!"

"ಬಸ್ಸೂ ಬರದ ನಮ್ಮ ಫುಲ್‌ಶೀರ್ ಮನೇಲಿ ನಾನು ದಿನಾ ಇರೋದೇ ಹಾಗಲ್ವಾ? ಅಲ್ಲಾದ್ರೆ ಅಜ್ಜಿ ಕೂರಿಸಿ ಬಡಿಸ್ತಿದ್ರು."

ಆತ ಬದನೆಕಾಯಿಯನ್ನೇ ನೋಡಿದ.

"ಡ್ರೈವಿಂಗ್ ಕಲಿಸ್ತೀನಿ ಅಂದಿದ್ದೀನಲ್ಲ."

"ಹೋದ ದೀಪಾವಳೀಲೂ ಅಂದಿದ್ರಿ."

"ಈ ಪ್ರಾಜೆಕ್ಟ್ ಒಂದು ಮುಗೀಲಿ."

ಬಿಲ್ ಆಯಿತು. ಆತ ಜೇಬಿನಿಂದ ಕೀ ತೆಗೆದ.

"ಹೊರಗೆ ಕೆಟ್ಟ ಬಿಸಿಲು. ಗಾಡಿ ಬಾಗಿಲ ಹತ್ರಾನೇ ತರ್ತೀನಿ. ನೀನು ಇಲ್ಲೇ ನಿಂತಿರು, ಎಲ್ಲೂ ಹೋಗ್ಬೇಡ."

"ಎಲ್ಲಿಗೆ ಹೋಗ್ಲಿ?" ಎಂದಳು. ಅಷ್ಟರಲ್ಲಿ ಆತ ಬಾಗಿಲು ದಾಟಿಯಾಗಿತ್ತು.