ಎಣ್ಣಿ ಹಡಿಯೋ ಗಾಡಿ

ಅಲ್ಲಲೇ, ಗಾಡಿ ಮೀಟರಿನ ಮುಳ್ಳು ಒಮ್ಮಿಗೇ ಬೀಳ್ಲಿಲ್ಲ. ಹಂಗ ಬಿದ್ದಿದ್ರ ನಾ ಹಿಡೀತಿದ್ದಿಲ್ಲೇನು? ನಿಮ್ಮ ಮುತ್ಯಾ ಅಂದ್ರ ಏನಂತ ತಿಳದೀರಿ? ಮುಂಬೈ ತನಾ ಲಾರಿ ಹೊಡದಾಂವ. ಸಾಲಿ ಎರಡನೇತ್ತಾ, ಆದ್ರ ಕಣ್ಣ ಮುಚ್ಚಿ ಬರೇ ಆವಾಜ್ ಕೇಳಿ ಯಾವ ಇಂಜಿನಿಗಿ ಏನ್ ಬ್ಯಾನಿ ಅಂತ ಹೇಳ್ತಿದ್ದೆ. ಈ ಪಿಕಪ್ ತಗೊಂಡಾಗೇ ಹಳೇದಿತ್ತು, ಆಳಂದದಾಂವ ಒಬ್ಬನ ಕಡಿಂದ ತಗೊಂಡಿದ್ದೆ. ಡ್ರೈವರ್ ಮುಂದ ಎಣ್ಣಿ ಪ್ರೆಷರಿನ ಮೀಟರ್ ಒಂದಿತ್ತು, ಸಣ್ಣಂದು, ಗುಂಡಂದು. ಇಂಜಿನ್ ಒಳಗ ಎಣ್ಣಿ ಜೋರಿಲೆ ತಿರಗಾಕತ್ತದೋ ಇಲ್ಲೋ ಅಂತ ಅದು ಹೇಳ್ತದ. ಮುಂಜಾನಿ ತಣ್ಣಗಿದ್ದಾಗ ಮುಳ್ಳು ನಟ್ಟಗ ನಿಲ್ತಿತ್ತು. ನಮ್ಮೂರ ಇಜೇರಿಂದ ಜೇವರ್ಗಿ ಮುಟ್ಟೂದ್ರಾಗ ಇಂಜಿನ್ ಕಾಯ್ತಿತ್ತು, ಕ್ರಾಸಿನ್ಯಾಗ ನಿಂದರ್ಸಿದ್ನೆಂದ್ರ ಮುಳ್ಳು ಮೆಲ್ಲಕ ಮಕ್ಕೋತಿತ್ತು. ನಾ ಏನಂದೆ? ಮೀಟರೇ ಸುಳ್ಳು ಹೇಳ್ತದ ಅಂದೆ. ಅದಕ್ಕ ಸುದ್ದಿ ಕೊಡೋ ಸೆನ್ಸರ್ ಬದಲಿ ಮಾಡಿದೆ. ಮತ್ತ ಹಂಗೇ. ದಪ್ಪ ಎಣ್ಣಿ ಹಾಕಿದೆ. ನಾಕ್ ದಿನ, ಇಲ್ಲ ಇಲ್ಲ, ಒಂದ್ ವಾರ ನಟ್ಟಗ ನಿಂತಿತ್ತು, ಮತ್ತ ಮಲಗ್ತು. ಎಣ್ಣಿ ಕಮ್ಮಿ ಆಗ್ಯಾದೇನು ಅಂತ ಅಳತಿ ಕಡ್ಡಿ ಜಗ್ಗಿ ನೋಡಿದ್ರ, ಅಲ್ಲೇ ನೋಡ್ರಿ ಮಜಾ, ಕಮ್ಮಿ ಎಲ್ಲಿ? ಗೆರಿ ದಾಟಿ ಮ್ಯಾಲೆ! ವಾರ ವಾರ ಇನ್ನಾ ಮ್ಯಾಲೆ! ಚಾದ ಅಂಗಡ್ಯಾಗ ಕುಂತು ತೊಡಿ ಬಡಕೊಂಡು ಹೇಳಿದೆ, "ಊರ ಮಂದಿ ಗಾಡಿ ಎಣ್ಣಿ ಕುಡೀತಾವ, ನನ್ನ ಗಾಡಿ ಎಣ್ಣಿ ಹಡೀತದ!" ಎಲ್ಲಾರೂ ನಕ್ರು. ನಾನೂ ಮೀಸಿ ತಿರುವಿದೆ.

ಜೇವರ್ಗ್ಯಾಗ ಉಸ್ಮಾನ್ ಅಂತ ಒಬ್ಬ ಮಿಸ್ತ್ರಿ, ಗಾಡಿ ರಿಪೇರಿ ಮಾಡಾಂವ. ಅವನ ಮುಂದೂ ಇದೇ ಮಾತು ಹೇಳಿದೆ. ಅಂವ ನಗಲಿಲ್ಲ. ಕಡ್ಡಿ ಜಗ್ಗಿದ, ಎರಡು ಬಳ್ಳಿನ ನಡುವ ಎಣ್ಣಿ ತಿಕ್ಕಿದ, ಮೂಗಿಗಿ ಹಿಡದ. "ಕಾಕಾ, ಖುಷಿ ಪಡಬ್ಯಾಡ್ರಿ. ಎಣ್ಣಿ ತಾನೇ ಹ್ಯಾಂಗ ಹೆಚ್ಚಾಗ್ತದ್ರಿ? ಡೀಸೆಲ್ ಜಗ್ಗೋ ಪಂಪಿನ ಸೀಲ್ ಹೋಗ್ಯಾದ, ಡೀಸೆಲ್ ಸೋರಿ ಎಣ್ಣ್ಯಾಗ ಕೂಡಾಕತ್ತದ. ತೆಳ್ಳಗಾದ ಎಣ್ಣಿಗಿ ಜೋರು ಎಲ್ಲಿಂದು? ಎರಡ ದಿನ ಗಾಡಿ ಬಿಟ್ಟು ಹೋಗ್ರಿ." ನನಗ ಸಿಟ್ಟು ಬಂತು. "ಲೇ ಉಸ್ಮಾನ್ಯಾ, ನೀ ನಿಮ್ಮವ್ವನ ಬಗಲಾಗ ಇದ್ದಾಗ ನಾ ಘಾಟ್ ಇಳಸಾಕತ್ತಿದ್ದೆ! ನನಗ ಕಲಸ್ತೀ?" ಅಂವ ಕಡ್ಡಿ ಒರಸಿ ಒಳಗ ಇಟ್ಟ. "ಘಾಟ್ ಇಳಿಸೀರಿ ಖರೇ ಕಾಕಾ, ಕಡ್ಡಿ ಮೂಸಿಲ್ಲಲ್ರಿ." ಅಷ್ಟಕ್ಕ ಗಾಡಿ ಹತ್ತಿ ಬಂದಬಿಟ್ಟೆ. ಮಹಾನವಮಿಗಿ ಗಾಡಿ ಪೂಜಿ ಮಾಡೂ ಮುಂದ ಆ ಮೀಟರಿನ ಗಾಜಿನ ಮ್ಯಾಲೇ ಮೂರು ಬಳ್ಳು ದಪ್ಪ ವಿಭೂತಿ ಎಳದೆ. ನಿಮ್ಮ ಆಯಿ ಅಂದ್ಲು, "ಮುಳ್ಳೇ ಕಾಣಂಗಿಲ್ಲಲ್ರಿ." "ಕಾಣಬಾರದಂತೇ ಹಚ್ಚೀನಿ, ಸುಮ್ನ ಆರತಿ ಮಾಡ ಬೇ," ಅಂದೆ.

ಪೂಜಿ ಆಗಿ ಮೂರೋ ನಾಕೋ ದಿನಕ್ಕ ಭೀಮಾ ನದಿ ಏರಿ ಬಂತು. ನಮ್ಮ ಅಕ್ಕ ಶರಣವ್ವ, ಅಕೀ ಊರು ನದೀ ದಂಡಿ ಮ್ಯಾಲೇ. ಗಂಡ ಇಲ್ಲ, ಮಕ್ಕಳಿಲ್ಲ, ಎರಡ ಎಮ್ಮಿ ಇದ್ವು, ಅವೇ ಅಕಿ ಸಂಸಾರ, ಅವೇ ಅಕಿ ಅನ್ನ. ಫೋನ್ ಬಂತು, ಗಾಡಿ ಹೊಡಕೊಂಡು ಹೋದೆ. ಊರಾಗ ಅರ್ಧಾ ಮಂದಿ ದನ ಬಿಚ್ಚಿ ಬಿಡಾಕತ್ತಿದ್ರು. ಅಕ್ಕ ಬಾಗಲಾಗ ನಿಂತಿದ್ಲು. "ತಮ್ಮಾ, ನನ್ನ ಎಮ್ಮಿ?" ನಾ ಅಂದೆ, "ಮೊದಲ ಹುಡುಗೂರು, ಬಾಣಂತ್ಯಾರು ಹೋಗ್ಲಿ ಯಕ್ಕಾ. ಎರಡನೇ ಸುತ್ತಿಗಿ ನಿನ್ನೂ ನಿನ್ನ ಎಮ್ಮಿನೂ ಏರಿಸ್ಕೊಂಡು ಹೋಗ್ತೇನಿ." "ಬರ್ತಿಯಲ್ಲೋ?" "ಬರ್ತೇನಿ ಅಂದು ಎಂದಾದ್ರೂ ಬರದಂಗ ಇದ್ದೀನೇನ ಬೇ?" ಮಂದೀನ ದಿಬ್ಬದ ಮ್ಯಾಲಿನ ಸಾಲಿಗಿ ಇಳಿಸಿ ಗಾಡಿ ತಿರಗಸಿದೆ. ಒಂದ್ ಮೈಲು ಉಳದಿತ್ತು. ಇಂಜಿನ್ ಒಳಗ ಟಕ್… ಟಕ್… ಟಕ್… ಅನ್ನಾಕತ್ತು, ಬಾಗಲಾ ಬಡದಂಗ. ಹೆಬ್ಬಟ್ಟಿಲೆ ವಿಭೂತಿ ಒರಸಿದೆ. ಮುಳ್ಳು ನೆಲಾ ಹಿಡದು ಮಕ್ಕೊಂಡಿತ್ತು. ನಿಲ್ಲಿಸಬೇಕು, ಅದು ಎಂಥಾ ಹೊಸಾ ಡ್ರೈವರಿಗೂ ಗೊತ್ತು. ನಿಲ್ಲಿಸಿದ್ರ ಅಕ್ಕ? ಹೊಡದೆ. ಖರ್ ಅಂತು, ಗಾಡಿ ಜಗ್ಗಿ ನಿಂತಿತು. ಚಾವಿ ತಿರುವಿದ್ರ ಇಂಜಿನ್ ಅಳ್ಯಾಡವಲ್ದು, ಹಿಡಕೊಂಡಬಿಟ್ಟದ. ಬಾನೆಟ್ ಎತ್ತಿ ಕಡ್ಡಿ ಜಗ್ಗಿದೆ. ಎಣ್ಣಿ ನೀರಿನಂಗ ಹರದು ಕೈ ತೋಯ್ತು. ಮೂಸಿದೆ. ಬರೇ ಡೀಸೆಲ್. ಅಷ್ಟೊತ್ತಿಗಿ ಫೋನ್. "ಎಲ್ಲಿದ್ದೀಯೋ ತಮ್ಮಾ?" ಏನ್ ಹೇಳ್ಲಿ ಹೇಳ್ರಿ? ಬಾಯಿಗಿ ಬಂದದ್ದು ಒಂದೇ ಮಾತು, "ಬಂದೆ ಯಕ್ಕಾ, ಬಂದೆ." ಓಡಿದೆ, ಈ ಮೊಣಕಾಲು ತಗೊಂಡು ಓಡಿದೆ. ಮುಂದ ರಸ್ತೆ ಮ್ಯಾಲೆ ಎದಿಮಟ ನೀರು ಸೆಳೀತಿತ್ತು. ಇಳೀಬೇಕಂದ್ರ ನಾಕ ಮಂದಿ ತೋಳ ಹಿಡಕೊಂಡ್ರು. ಊರ ಕಾಣ್ತದ, ಅಕ್ಕನ ಮಾಳಿಗಿ ಕಾಣ್ತದ, ನಾ ಇಲ್ಲಿ. ಅಷ್ಟ ದೂರ ನೋಡ್ರಿ, ನಮ್ಮ ಕಟ್ಟಿಂದ ಆ ಬೇವಿನ ಗಿಡಾ ಇದ್ದಂಗ… ಇಲ್ಲ, ಇನ್ನಾ ಸ್ವಲ್ಪ ಆಚಿಗಿ. ಕೂಗಿದ್ರ ಮುಟ್ಟವಲ್ದು.

ಮಧ್ಯಾನ್ಹಕ್ಕ ಬೋಟಿನಾಂವರು ಅಕ್ಕನ ಮಾಳಿಗಿ ಮ್ಯಾಲಿಂದ ಇಳಿಸಿ ತಂದ್ರು. ಅಕೀ ಒಬ್ಬಾಕೀನ. ನಾ ಕಾಲ ಹಿಡೀಲಿಕ್ಕ ಹೋದೆ, ಅಕಿ ಬೈಲಿಲ್ಲ, ಬೈದಿದ್ರ ಚಲೋ ಇತ್ತು. ಸೆರಗು ಹಿಂಡಕೋತ ಅಂದ್ಲು, "ಎಲ್ಲಾರೂ ದನ ಬಿಚ್ಚಿದ್ರೋ ತಮ್ಮಾ, ಅವು ಈಸಿ ದಂಡಿ ಹತ್ತಿದ್ವು. ನೀ ಬಂದೆ ಅಂದೆಲ್ಲ, ಅದಕ್ಕ ನಾ ಕಟ್ಟೇ ಇಟ್ಟಿದ್ದೆ. ಆಮ್ಯಾಲೆ ಬಿಚ್ಚಬೇಕಂದ್ರ ಗೂಟ ನೀರಾಗ ಮುಳಗಿತ್ತು. ಗಂಟು ಕೈಗಿ ಸಿಗಲಿಲ್ಲ."

ಅದಕ್ಕ ಹೇಳ್ತೇನಿ ಕೇಳ್ರಿಲೇ. ಆಗವಲ್ದಂದ್ರ ಆಗವಲ್ದು ಅಂತ ಬಾಯಿಬಿಟ್ಟು ಅನ್ರಿ. ನಾ ಬರಾಂಗಿಲ್ಲ, ನೀ ಬಿಚ್ಚಿ ಬಿಡು ಅಂತ ಅನ್ರಿ. ನಾ ಅಷ್ಟ ಅಂದಿದ್ರ ಸಾಕಿತ್ತು.